ತೊಳೆಯಬಾರದ ದ್ರಾಕ್ಷಿ

ಏಪ್ರಿಲ್ 6, 2020, ಸೋಮವಾರ

'ಬಿಗಿಯಾಗಿ ಮುಚ್ಬೇಡಿ, ಅದಕ್ಕೂ ಉಸಿರು ಬೇಕು' ಎಂದಳೋ, 'ಬಿಗಿಯಾಗಿ ಮುಚ್ಚಿದ್ರೆ ಉಸಿರು ಕಟ್ಟುತ್ತೆ' ಎಂದಳೋ, ಈಗ ಸರಿಯಾಗಿ ನೆನಪಿಲ್ಲ. ಉಸಿರು ಎಂಬ ಮಾತಂತೂ ಇತ್ತು. ಬೆಳಗಿನಿಂದ ಅದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ. ಅದು ಪ್ರಸನ್ನಲಕ್ಷ್ಮಿಯ ಬಾಯಿಂದ ಬಂದದ್ದು.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಷ್ಟು ವರ್ಷಗಳಲ್ಲಿ ನನ್ನ ಕುಡಿತದ ಬಗ್ಗೆ ಅವಳು ಆಡಿದ ಮಾತುಗಳೆಲ್ಲ ಈ ಡೈರಿಯ ಒಂದು ಪುಟದಲ್ಲಿ ಹಿಡಿಯುತ್ತವೆ. ಕಳೆದ ತಿಂಗಳು ರಾಯದುರ್ಗದ ಈ ಮನೆಯಿಂದ ಮಡಕಶಿರಾಕ್ಕೆ, ತಂಗಿ ಸಾಯಿಲಕ್ಷ್ಮಿಯ ಮನೆಗೆ ಹೊರಟಾಗಲೂ ಏನೂ ಆಡಲಿಲ್ಲ. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ನನ್ನನ್ನು ಟೇಬಲ್‌ನಿಂದ ಎಬ್ಬಿಸಿ ಬಂಡಲ್ ಕಟ್ಟಲು ಕೂರಿಸಿದ ವಾರ ಅದು. ಕೈ ನಡುಗಿ, ಎಂಬತ್ತು ಪದರ ಜೀನ್ಸ್ ಬಟ್ಟೆ ತೊಡೆಯ ಹತ್ತಿರ ಸೊಟ್ಟಗೆ ಹೋಗಿತ್ತು. 'ಸಾಯಿಗೆ ಹುಷಾರಿಲ್ವಂತೆ' ಎಂದು ಚೀಲ ಹಿಡಿದಳು. ಯಾವಾಗ ಬರುತ್ತೀ ಎಂದು ನಾನು ಕೇಳಲಿಲ್ಲ. ಆಮೇಲೆ ಲಾಕ್‌ಡೌನ್ ಬಂದು ಬಸ್ಸುಗಳು ನಿಂತವು.

ನಿನ್ನೆ ಫೋನಿನಲ್ಲಿ ಮಾತು ತೆಗೆದದ್ದು ನಾನೇ. ಕೊನೆಯ ಬಾಟಲಿ ಮುಗಿದು ಎರಡು ದಿನವಾಯಿತು, ಅಂಗಡಿಗಳೆಲ್ಲ ಮುಚ್ಚಿವೆ, ಹಿರೇಹಾಳ್ ಕಡೆಯಿಂದ ಕದ್ದು ಬರುತ್ತಿದ್ದದ್ದೂ ನಿಂತಿದೆ, ಲೋಟ ಎತ್ತಿದರೆ ನೀರು ಅಂಗಿಯ ಮೇಲೆ ಬೀಳುತ್ತದೆ ಎಂದೆ. ಎದುರು ಮನೆಯ ಸುಂಕಪ್ಪ, ನಮ್ಮ ಯೂನಿಟ್‌ನಲ್ಲಿ ಇಸ್ತ್ರಿ ಮಾಡುವವನು, ಬಟ್ಟೆಯ ಎಣ್ಣೆ ಕಲೆ ತೆಗೆಯುವ ಸ್ಪಿರಿಟ್ಟಿನ ಕ್ಯಾನ್ ತಂದಿಟ್ಟುಕೊಂಡಿದ್ದಾನೆ, ನಿಂಬೆಹಣ್ಣು ಹಿಂಡಿ ಕುಡಿದರೆ ಏನೂ ಆಗುವುದಿಲ್ಲವಂತೆ ಎಂದೂ ಹೇಳಿದೆ. ಹೆದರಿಸಲು ಹೇಳಿದೆನೋ, ಅಪ್ಪಣೆ ಕೇಳಿದೆನೋ ಗೊತ್ತಿಲ್ಲ.

 ಆಮೇಲೆ ಅವಳು, 'ಉಪ್ಪಿನಕಾಯಿ ದೊಡ್ಡ ಜಾಡಿ ಅಟ್ಟದ ಮೇಲೈತೆ. ಕರಿ ದ್ರಾಕ್ಷಿ ಐದು ಕೇಜಿ ತಗೊಳ್ಳಿ. ಬೆಲ್ಲ ಒಂದು ಕೇಜಿ ಸಾಕು' ಎಂದು ಶುರು ಮಾಡಿದಳು. ಸಾರಿಗೆ ಹುಣಸೆಹುಳಿ ಎಷ್ಟು ಎಂದು ಹೇಳಿಕೊಡುವ ದನಿ. ನಾನು ಬಾಯಿ ತೆರೆಯುವಷ್ಟರಲ್ಲಿ, 'ಆ ಸ್ಪಿರಿಟ್ ಮುಟ್ಟಿದ್ರೆ ನಾನಂತೂ ಆ ಮನೆಗೆ ಬರಾದಿಲ್ಲ' ಎಂದು ಫೋನ್ ಇಟ್ಟಳು.

ಯಾರಿಂದ ಕಲಿತಳು?

ಏಪ್ರಿಲ್ 7, ಮಂಗಳವಾರ

ಬೆಳಗ್ಗೆ ಒಂಬತ್ತರ ತನಕ ಹೊರಗೆ ಬಿಡುತ್ತಾರೆ. ಲಾರಿ ಹೋಗದೆ ತೋಟಗಳಲ್ಲೇ ಉಳಿದ ದ್ರಾಕ್ಷಿ ಬೀದಿಗೆ ಬಂದಿದೆ. 'ಇಷ್ಟು ಯಾರು ತಿಂತಾರ್ರಿ ಮನ್ಯಾಗ?' ಎಂದ ತಳ್ಳುಗಾಡಿಯವನು. 'ದೇವರಿಗೆ' ಎಂದೆ. ಯಾವ ದೇವರು ಎಂದು ಅವನು ಕೇಳಲಿಲ್ಲ, ಮೇಲೊಂದು ಗೊಂಚಲು ಹಾಕಿದ.

ಹೊರಗಿನಿಂದ ಬಂದ ಯಾವುದನ್ನೂ ತೊಳೆಯದೆ ಮುಟ್ಟುವಂತಿಲ್ಲ ಈಗ. ಬಿಸಿನೀರು, ಉಪ್ಪು, ಅರಿಶಿನ. ಒಂದೊಂದೇ ಹಣ್ಣು ಬಿಡಿಸಿ ಮೂರು ಸಲ ತೊಳೆದೆ. ಕನ್ನಡಿಯಂತೆ ಹೊಳೆದವು. ಜಾಡಿಗೆ ಹಾಕಿ ಕಿವುಚಿದೆ, ಬೆಲ್ಲ ಸೇರಿಸಿದೆ. ಕಿವುಚುವಾಗ ಕೈ ನಡುಗುವುದು ಕಾಣುವುದಿಲ್ಲ.

ಇದನ್ನು ಮನೆಯಲ್ಲಿ ಮಾಡುವುದು ಅಪರಾಧ. ಕಿಟಕಿ ಹಾಕಿದೆ. ಬೆವರು, ಬೆನ್ನ ಮೇಲೆ ಇರುವೆ ಹರಿದಂತೆ. ಕೊನೆಯ ಸಲ ಕುಡಿದು ಎಪ್ಪತ್ತೆರಡು ಗಂಟೆಗೂ ಮೇಲಾಯಿತು. ಈಗ ಸಂಜೆ ಐದೂವರೆ. ಈಗ ಐದೂಮುಕ್ಕಾಲು.

ಏಪ್ರಿಲ್ 11, ಶನಿವಾರ

ನಾಲ್ಕು ದಿನವಾದರೂ ಜಾಡಿಯಲ್ಲಿ ಏನೂ ಇಲ್ಲ. ನಿಂತ ನೀರು, ಮೇಲೆ ಬಿಳಿಯ ಪೊರೆ. ಫೋನ್ ಮಾಡಿದೆ.

'ನೊರೆ ಬಂತಾ?'

'ಇಲ್ಲ.'

'ವಾಸ್ನೆ?'

'ಅರಿಶಿನದ್ದು.'

'ಅರಿಶಿನ ಎಲ್ಲಿಂದ ಬಂತು?'

ಹೇಳಿದೆ. ಆ ಕಡೆ ಕೇಳಿದ ಸದ್ದನ್ನು ಅಳು ಎಂದುಕೊಂಡೆ. ನಗುತ್ತಿದ್ದಳು. ಅವಳ ಹಿಂದೆ ಸಾಯಿಲಕ್ಷ್ಮಿಯೂ ನಗುತ್ತಿದ್ದಳು.

'ಬಿಸ್ನೀರು ಹುಯ್ದು ಅರಿಶಿನ ಹಚ್ಚಿದ್ರೆ ಮದುವೆ ಆಯ್ತದೆ ಕಣ್ರೀ, ಹುಳಿ ಏಳಲ್ಲ! ಹಣ್ಣಿನ ಮೇಲೆ ಬೂದಿ ಥರ ಇರ್ತದಲ್ಲ, ಕೆಲಸ ಮಾಡೋದೇ ಅದು. ಅದನ್ನೇ ತೊಳೆದು ಚೆಲ್ಲಿದ್ರೆ ಇನ್ನೇನ್ ಉಳೀತು? ಚೆಲ್ಲಿ. ನಾಳೆ ಹೊಸದು ತಂದು ತೊಳೀದೆ ಹಾಕಿ.'

'ನಿನಗ ಹ್ಯಾಂಗ ಗೊತ್ತು ಇದೆಲ್ಲ?'

'ಚಾರ್ಜ್ ಇಲ್ಲ ಫೋನಲ್ಲಿ' ಎಂದು ಇಟ್ಟಳು.

ಸಾಯಿಲಕ್ಷ್ಮಿಯೂ ನಕ್ಕಳು ಎಂಬುದು ಆಮೇಲೆ ತಟ್ಟಿತು. ಅಂದರೆ ಅವಳಿಗೂ ಗೊತ್ತು. ಹಣೆಗೆ ಮೂರು ಬೆರಳ ವಿಭೂತಿ ಹಚ್ಚುತ್ತಿದ್ದ ನನ್ನ ಅತ್ತೆಯ ಆ ಮನೆಯಲ್ಲಿ, ಈರುಳ್ಳಿಯನ್ನು ಕೂಡ ಸೋಮವಾರ ಒಳಗೆ ಬಿಡದ ಮನೆಯಲ್ಲಿ, ಇಬ್ಬರು ಹೆಣ್ಣುಮಕ್ಕಳಿಗೆ ದ್ರಾಕ್ಷಿಯ ಮೇಲಿನ ಬೂದಿ ಏನು ಮಾಡುತ್ತದೆ ಎಂದು ಗೊತ್ತು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮತ್ತೆ ಹೋಗಿ ತೊಳೆದುಕೊಂಡೆ.

ಏಪ್ರಿಲ್ 12, ಭಾನುವಾರ

ಎರಡನೇ ಸಲ. ತೊಳೆಯಲಿಲ್ಲ. ಧೂಳು, ಒಂದೆರಡು ಒಣ ಎಲೆ. ಕಣ್ಣು ಮುಚ್ಚಿಕೊಂಡು ಕಿವುಚಿದೆ ಎಂದರೂ ತಪ್ಪಲ್ಲ.

ಅವಳು ಹೇಳಿದ್ದು: ಜಾಡಿ ಮುಕ್ಕಾಲು ಮಾತ್ರ ತುಂಬಬೇಕು. ಬೆಳಿಗ್ಗೆ, ಸಂಜೆ ಮರದ ಸೌಟಿನಿಂದ ತಿರುವಬೇಕು, ಸಿಪ್ಪೆ ಮೇಲೆ ಒಣಗಬಾರದು. ಬಟ್ಟೆ ಕಟ್ಟಬೇಕು, ಮುಚ್ಚಳ ಬೇಡ. ಹನ್ನೆರಡು ದಿನ ಯಾರಿಗೂ ಕೊಡಬಾರದು, ತಾನೂ ಕುಡಿಯಬಾರದು. ಕೊನೆಗೆ, 'ಒಲೆ ಮೇಲೆ ಮಾತ್ರ ಇಡ್ಬೇಡಿ. ಅದು ಬೇರೆ ವಿದ್ಯೆ' ಎಂದಳು. ವಿದ್ಯೆ ಎಂದಳು.

ಜೀನ್ಸಿನ ಜೇಬಿಗೆ ಹಾಕುವ ಬಿಳಿ ಬಟ್ಟೆ ಮನೆಯಲ್ಲಿತ್ತು. ಎರಡು ಪದರ ಮಾಡಿ, ಜಾಡಿಯ ಬಾಯಿಯ ಅಳತೆಗೆ ಕತ್ತರಿಸಿ, ಸುತ್ತ ಎಲಾಸ್ಟಿಕ್ ಹೊಲಿದೆ. ದಾರ ಕಟ್ಟಿದ್ದರೂ ನಡೆಯುತ್ತಿತ್ತು. ಒಂದು ಗಂಟೆ ಹಿಡಿಯಿತು. ಎರಡು ಸಲ ಹೊಲಿಗೆ ಬಿಚ್ಚಿದೆ.

ಏಪ್ರಿಲ್ 14, ಮಂಗಳವಾರ

ಸದ್ದು. ಅಕ್ಕಿ ಬೇಯುವಾಗ ಬರುವಂಥದ್ದು, ಬೆಂಕಿಯಿಲ್ಲದೆ. ಬಟ್ಟೆ ಮೇಲಕ್ಕೆ ಉಬ್ಬಿದೆ. ಜಾಡಿಯ ಹೊಟ್ಟೆ ಮುಟ್ಟಿದೆ, ಬೆಚ್ಚಗಿತ್ತು. ಕೈ ಹಿಂದಕ್ಕೆ ತೆಗೆದೆ.

ಫೋನನ್ನು ಜಾಡಿಯ ಬಾಯಿಗೆ ಹಿಡಿದೆ. 'ಹೂಂ' ಎಂದಳು. ಎಷ್ಟೋ ಹೊತ್ತು ಇಬ್ಬರೂ ಅದನ್ನೇ ಕೇಳಿದೆವು.

ಏಪ್ರಿಲ್ 17, ಶುಕ್ರವಾರ

ಸುಂಕಪ್ಪ ಬಂದಿದ್ದ. ಮಾಸ್ಕು ಗದ್ದಕ್ಕೆ ತೂಗುಬಿಟ್ಟುಕೊಂಡು ಹೊಸ್ತಿಲ ಹೊರಗೇ ನಿಂತ.

'ಬೀದಿ ತುಂಬ ವಾಸನಿ ಐತ್ರಿ ಮಾಸ್ಟ್ರೇ. ಪೊಲೀಸರ ಮೂಗು ಮಾಸ್ಕಿನ್ಯಾಗ ಐತಿ, ಅದಕ್ಕ ಉಳಕೊಂಡೀರಿ.'

'ಇನ್ನೂ ಆಗಿಲ್ಲ.'

'ಯಾವಾಗ ಆಕ್ಕತಿ?'

'ಹನ್ನೆರಡನೇ ದಿನ.'

'ಇವತ್ತಿಗೆ ಎಷ್ಟು?'

'ಐದು.'

'ಹಸಿಗೂಸು ಅನ್ರಿ. ಇರ್ಲಿ, ಹಸೀದ ಕೊಡ್ರಿ ಒಂದು ಲೋಟ. ನಾ ಏನು ಹೆಸರು ಇಡಂಗಿಲ್ಲ.'

'ಪ್ರಸನ್ನ ಬ್ಯಾಡ ಅಂದಾಳ.'

ಅವನು ಗೋಡೆ ಹಿಡಿದುಕೊಂಡು ನಕ್ಕ. 'ಹೆಂಡ್ತಿ ಮಾತು ಕೇಳಿ ಕುಡಿಯಾದು ಬಿಟ್ಟಾವ್ರನ್ನ ನೋಡೀನ್ರಿ. ಹೆಂಡ್ತಿ ಮಾತು ಕೇಳಿ ಜಾಡಿ ಕಾಯಾವ್ರನ್ನ ಇವತ್ತ ನೋಡಿದ್ದು!'

ನಾನೂ ನಕ್ಕೆ. ಆಮೇಲೆ ಅವನು ನಗು ನಿಲ್ಲಿಸಿ, 'ಖರೇನ ಕೊಡಂಗಿಲ್ಲೇನ್ರಿ?' ಎಂದ.

'ಹನ್ನೆರಡನೇ ದಿನ ಬಾ. ಮೊದಲ ಲೋಟ ನಿನಗ.'

'ಆತು ಬಿಡ್ರಿ. ನಂದು ಐತಲ್ಲ, ನಿಂಬಿಹಣ್ಣಿಂದು.'

'ಅದನ್ನ ಮುಟ್ಟಬ್ಯಾಡ ಸುಂಕಪ್ಪ.'

'ನಿನ್ನಿ ಒಂದು ಮುಚ್ಚಳ ತಗೊಂಡೀನಿ. ಏನಾಗೈತಿ? ನಿಂತೀನಿ ನೋಡ್ರಿ ಕಂಬ ಇದ್ದಂಗ.'

ಹೋದ. ಮುಟ್ಟಬೇಡ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಕೊಡದಿದ್ದದ್ದಕ್ಕೆ ಪ್ರಸನ್ನಳ ಮಾತು ಕಾರಣ ಎಂದು ಬರೆಯಲು ಹೊರಟಿದ್ದೆ. ಜಾಡಿಯ ಮಟ್ಟ ಇಳಿಯುವುದು ನನಗೆ ಇಷ್ಟವಿರಲಿಲ್ಲ ಎಂಬುದನ್ನೂ ಬರೆಯಬೇಕು.

ಏಪ್ರಿಲ್ 19, ಭಾನುವಾರ

ಬೆಳಗ್ಗೆ ಹತ್ತು ಗಂಟೆ. ಸುಂಕಪ್ಪನ ಹೆಂಡತಿ ರಾಧಿಕಾ ಬಾಗಿಲಲ್ಲಿ ನಿಂತು ಕೂಗಿದಳು. ಅವನು ಅಂಗಳದ ಮಂಚದ ಮೇಲೆ ಕೂತಿದ್ದ, ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡು. ರಾತ್ರಿಯೆಲ್ಲ ವಾಂತಿ, ಹೊಟ್ಟೆನೋವು ಎಂದಳು. ನಾನು ಹತ್ತಿರ ಹೋದ ಸದ್ದಿಗೆ ಮುಖ ತಿರುಗಿಸಿದ.

'ಮಾಸ್ಟ್ರೇನ್ರಿ? ಕರೆಂಟ್ ಯಾವಾಗ ಹೋತ್ರಿ?'

ಬಿಸಿಲು ಅವನ ಮುಖದ ಮೇಲೆಯೇ ಇತ್ತು. ಕಣ್ಣು ತೆರೆದೇ ಇದ್ದವು.

ರಾಧಿಕಾ ನನ್ನ ಕಡೆ ನೋಡಿದಳು. ನಾನು, 'ಈಗ ಬರ್ತೈತಿ' ಎಂದೆ. ನಾನು ಹಾಗೆ ಹೇಳಿದೆ. ಯಾಕೆ ಹೇಳಿದೆ?

ಆಂಬುಲೆನ್ಸ್ ಬರಲು ಒಂದೂವರೆ ಗಂಟೆ. ಅಷ್ಟೂ ಹೊತ್ತು ಅವನು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ಅನಂತಪುರಕ್ಕೆ ಒಯ್ದರು. ಮಂಚದ ಕೆಳಗೆ ಹಿಂಡಿದ ನಿಂಬೆಯ ಹೋಳುಗಳಿದ್ದವು, ಅಚ್ಚುಕಟ್ಟಾಗಿ ಒಂದರ ಮೇಲೊಂದು ಇಟ್ಟದ್ದು.

ಏಪ್ರಿಲ್ 20, ಸೋಮವಾರ

ಬೆಳಗಿನ ಆರೂಕಾಲಿಗೆ ಹೋದನಂತೆ. ಮಣ್ಣಿಗೆ ಒಯ್ಯುವ ಗಾಡಿಯಲ್ಲಿ ಐದು ಜನಕ್ಕೆ ಮಾತ್ರ ಅನುಮತಿ. ನಾನು ಆರನೆಯವ.

ಜಾಡಿ ತಿರುವಿದೆ. ಸಂಜೆಯೂ ತಿರುವಿದೆ.

ಏಪ್ರಿಲ್ 22, ಬುಧವಾರ

ಪ್ರಸನ್ನಳಿಗೆ ಹೇಳಲು ಎರಡು ದಿನ ಬೇಕಾಯಿತು. ಹೇಳಿದ ಕೂಡಲೇ, 'ನೀವು ಮುಟ್ಟಿಲ್ವಲ್ಲ?' ಎಂದಳು. ಇಲ್ಲ ಎಂದೆ. ಮತ್ತೆ ಕೇಳಿದಳು. ಮೂರನೇ ಸಲ ಕೇಳುವಾಗ ಅವಳ ದನಿ ಪೂರಾ ತವರೂರಿನದಾಗಿತ್ತು, ರಾಯದುರ್ಗದ ಇಪ್ಪತ್ತೆರಡು ವರ್ಷ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಆಮೇಲೆ ನಾನು ಕೇಳದೆಯೇ ಹೇಳಿದಳು.

'ಅಪ್ಪ ಜ್ವರ ಬಂದು ಸತ್ತ ಅಂತ ನಿಮಗೆ ಹೇಳಿದ್ದು ಸುಳ್ಳು. ಕೂಲಿಗೆ ಅಂತ ಹೋದೋನು ಬರ್ಲೇ ಇಲ್ಲ. ರೊಳ್ಳದ ಹತ್ರ ಇದ್ವಲ್ಲ ಆಗ. ನಂಗೆ ಒಂಬತ್ತು, ಸಾಯಿಗೆ ಆರು. ಅವ್ವ ಬೆಲ್ಲ ಕೊಳೆ ಹಾಕಿ ಸಾರಾಯಿ ಬಟ್ಟಿ ಇಳಿಸ್ತಿದ್ಲು. ಸ್ಕೂಲ್ ಬ್ಯಾಗಲ್ಲಿ ನಾನೇ ಮನೆಮನೆಗೆ ಕೊಟ್ಟು ಬರ್ತಿದ್ದೆ. ಹನ್ನೊಂದು ವರ್ಷ ಮಾಡಿದ್ಲು.'

ನಾನು ಜಾಡಿಯ ಪಕ್ಕ ನೆಲದ ಮೇಲೆ ಕೂತೆ.

'ಕೊಂಡ್ಕೊಳ್ಳೋನ ಎದುರಿಗೆ ಮೊದ್ಲ ಗುಟುಕು ಅವ್ವಾನೇ ಕುಡಿಯೋಳು. ಯಾವತ್ತೂ ತಪ್ಪಿಸ್ತಿರ್ಲಿಲ್ಲ. ಅವ್ವನ ಕೈಯಿಂದ ಕುಡ್ದೋರು ಒಬ್ರೂ ಸತ್ತಿಲ್ಲ ಕಣ್ರೀ. ಒಬ್ರೂ.'

ಅದನ್ನು ಎರಡು ಸಲ ಹೇಳಿದಳು. ಆ ದನಿಯಲ್ಲಿ ಅವಮಾನವಿರುತ್ತದೆ ಎಂದು ನಾನು ಕಾದಿದ್ದೆ. ಅದು ಹೆಮ್ಮೆ.

ನಮ್ಮ ಸಂಬಂಧ ಕೂಡಿಬಂದ ವರ್ಷ ನನ್ನ ಅತ್ತೆ ಪೆದ್ದಮ್ಮ ಗಡಿಗೆಗಳನ್ನೆಲ್ಲ ಒಡೆದು, ಮಡಕಶಿರಾಕ್ಕೆ ಬಂದು, ಹೊಲಿಗೆ ಮಷೀನು ಕೊಂಡು, ಹಣೆಗೆ ವಿಭೂತಿ ಹಚ್ಚಿದರಂತೆ. ಹೆಣ್ಣು ನೋಡಲು ಹೋದ ದಿನ ನಾನು ಬಾಯಿ ತುಂಬ ಏಲಕ್ಕಿ ಅಗಿದುಕೊಂಡು ಹೋಗಿದ್ದೆ. ಅತ್ತೆ ಕಾಫಿ ತಂದು ಕೊಟ್ಟು, ನನ್ನ ಹತ್ತಿರ ಬಗ್ಗಿದವರು ಒಂದು ಕ್ಷಣ ಹಾಗೆಯೇ ನಿಂತರು. ಹನ್ನೊಂದು ವರ್ಷದ ಮೂಗಿಗೆ ಏಲಕ್ಕಿ ಏನು ಲೆಕ್ಕ? ಗೊತ್ತಾಗಿತ್ತು. ಗೊತ್ತಾಗಿಯೂ ಮಗಳನ್ನು ಕೊಟ್ಟರು. ಅವರು ತೀರಿಹೋಗಿ ಆರು ವರ್ಷವಾಯಿತು. ನಾನು ಆ ಮನೆಯ ಮಡಿಗೆ ಮೈಲಿಗೆ ತಂದವನು ಎಂದುಕೊಂಡೇ ಇಷ್ಟು ದಿನ ಬದುಕಿದೆ. ಅದೂ ಒಂದು ಬಗೆಯ ಸ್ಥಾನವಾಗಿತ್ತು.

ಸುಂಕಪ್ಪ ಬಂದು ಕೇಳಿದ್ದನ್ನು ಅವಳಿಗೆ ಹೇಳಲಿಲ್ಲ.

ಏಪ್ರಿಲ್ 24, ಶುಕ್ರವಾರ

ಹನ್ನೆರಡನೇ ದಿನ. ಸದ್ದು ನಿಂತಿದೆ. ಸಿಪ್ಪೆ ತಳಕ್ಕೆ ಇಳಿದಿತ್ತು. ಅವಳು ಹೇಳಿದಂತೆ ಅಲುಗಾಡಿಸದೆ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ, ಆರು ಬಾಟಲಿಗೆ ತುಂಬಿದೆ. ಅಂಗೈ ನೇರಳೆ. ಬಟ್ಟೆ ಒಗೆದು ಹರವಿದೆ, ಜಾಡಿ ಬೂದಿ ಹಾಕಿ ಉಜ್ಜಿದೆ, ಸಿಪ್ಪೆಯನ್ನು ಹಿತ್ತಿಲಲ್ಲಿ ಹೂಳಿದೆ.

'ಹೆಂಗೈತೆ?' ಎಂದಳು ಫೋನಿನಲ್ಲಿ.

'ಬಣ್ಣ ಚಲೋ ಬಂದೈತಿ.'

'ಬಣ್ಣ ಯಾರು ಕೇಳಿದ್ರು? ರುಚಿ.'

'ನೋಡಿಲ್ಲ. ಕೆಲಸ ಇತ್ತು.'

 ಆಗ ಹೇಳಿಬಿಟ್ಟೆ, ಸುಂಕಪ್ಪ ಐದನೇ ದಿನ ಬಂದು ಕೇಳಿದ್ದು, ನಾನು ಅವಳ ಹೆಸರು ಹೇಳಿ ಕಳಿಸಿದ್ದು.

ಅವಳೆಂದಳು: 'ಯಾರಿಗೂ ಕೊಡ್ಬೇಡಿ ಅಂದಿದ್ದು ನೀವು ತಡ್ಕೊಳ್ಳಿ ಅಂತ ರೀ. ಬಾಗಿಲಿಗೆ ಬಂದು ನಿಂತೋರ್ನ ಅವ್ವ ಬರಿಗೈಲಿ ಕಳಿಸ್ತಿರ್ಲಿಲ್ಲ.'

ಬೈದಿದ್ದರೆ ಆಗುತ್ತಿತ್ತು.

ಏಪ್ರಿಲ್ 27, ಸೋಮವಾರ

ಮಾಸ್ಕ್ ಹೊಲಿಯಲು ಅನುಮತಿ ಸಿಕ್ಕಿದೆಯಂತೆ, ಯಜಮಾನರು ಹೇಳಿಕಳಿಸಿದರು. ನನ್ನ ಜಾಗಕ್ಕೆ ಬಂದ ಕಟಿಂಗ್ ಮಾಸ್ಟರ್ ಗುಮ್ಮಘಟ್ಟದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಹಾಗಾಗಿ ನಾನೇ. ನಲವತ್ತು ಪದರ ಹಾಸಿ ಕತ್ತರಿಸಿದೆ. ತಳದ ತುಂಡು ತೆಗೆದು ಮೇಲಿನದರ ಮೇಲಿಟ್ಟು ನೋಡಿದೆ. ಒಂದೇ ಅಳತೆ. ಮತ್ತೆ ನಲವತ್ತು ಹಾಸಿದೆ.

ಇಸ್ತ್ರಿ ಟೇಬಲ್ಲಿನ ಮೇಲೆ ಸುಂಕಪ್ಪನ ಟವೆಲ್ ಹಾಗೆಯೇ ಮಡಿಸಿ ಇದೆ. ಎಲ್ಲರೂ ಅದನ್ನು ಮುಟ್ಟದೆ ಸುತ್ತು ಹಾಕಿಕೊಂಡು ಓಡಾಡಿದರು. ಸ್ಪಿರಿಟ್ಟಿನ ಕಪಾಟಿಗೆ ಈಗ ಬೀಗ.

ಏಪ್ರಿಲ್ 28, ಮಂಗಳವಾರ

ಬೆಳಗ್ಗೆ ರಾಧಿಕಾ ಬಂದಳು. ಒಳಗೆ ಬಾ ಎಂದೆ, ಬರಲಿಲ್ಲ. ಅವತ್ತು ಸುಂಕಪ್ಪ ನಿಂತಿದ್ದ ಜಾಗದಲ್ಲೇ ನಿಂತಳು.

'ನಾಡದ್ದು ಹನ್ನೊಂದನೇ ದಿನದ್ದು ಮಾಡ್ತೀವ್ರಿ, ಮನಿ ಮಟ್ಟಿಗೆ. ಬರ್ರಿ.'

'ಬರ್ತೀನಮ್ಮ.'

ಆದರೂ ಅವಳು ಹೋಗಲಿಲ್ಲ. ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದಳು. ಹನ್ನೊಂದನೇ ದಿನ ಸತ್ತವರ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡಬೇಕು, ಒಂದು ತಪ್ಪಿದರೂ ಅವರು ಉಳಿದದ್ದನ್ನು ಮುಟ್ಟುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅವಳು ಏನು ಕೇಳಲಿದ್ದಾಳೆಂದು ನನಗೆ ತಿಳಿಯಿತು, ತಿಳಿದರೂ ನಂಬಲಿಲ್ಲ.

'ಅಂಗಡಿ ಎಲ್ಲಾ ಮುಚ್ಯಾವ್ರಿ. ಅದೊಂದು ಇಡದಿದ್ರ ಹ್ಯಾಂಗ ಅಂತ ನಮ್ಮತ್ತಿ ಅಳಾಕತ್ತಾಳ. ಅವತ್ತ ನಿಮ್ಮನಿಯಿಂದ ಬಂದು ನಕ್ಕೋಂತ ಹೇಳಿದ್ರು, ಮಾಸ್ಟ್ರು ಹನ್ನೆರಡನೇ ದಿನ ಬಾ, ಮೊದಲ ಲೋಟ ನಿನಗ ಅಂದಾರ ಅಂತ. ಕ್ಯಾಲೆಂಡರಿನ್ಯಾಗ ಗುರುತು ಹಾಕಿಟ್ಟಾರ್ರಿ.' ಸೆರಗು ಬಿಟ್ಟು, 'ಆಗೈತೇನ್ರಿ ಅದು?' ಎಂದಳು.

ಆಗಿದೆ ಎಂದೆ. ಅವಳು ಹೋದ ಮೇಲೂ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ.

ಪ್ರಸನ್ನಳಿಗೆ ಫೋನ್ ಮಾಡಿ ರಾಧಿಕಾ ಕೇಳಿದ್ದನ್ನು ಹೇಳಿದೆ. ಅದು ಸರಿಯಾಗಿದೆಯೋ, ವಿಷವಾಗಿದೆಯೋ, ತಿಳಿಯುವುದು ಹೇಗೆ ಎಂದೆ. ಸತ್ತವನಿಗೆ ಇನ್ನೇನಾಗುತ್ತದೆ ಎಂದು ಅವಳು ಅನ್ನಲಿಲ್ಲ.

'ಮೊದ್ಲ ಗುಟುಕು ಮಾಡ್ದೋರ್ದು. ಅವರೆದುರಿಗೇ.'

'ಅವ ಸತ್ತಾನ, ಪ್ರಸನ್ನಾ.'

'ಸತ್ತೋರಿಗೂ ಅಷ್ಟೇ ರೀ. ಒಂದೇ ಗುಟುಕು.'

ಫೋನ್ ಇಡುವ ಮೊದಲು, ಕಲ್ಯಾಣದುರ್ಗದ ಮೇಲೆ ಬಸ್ಸು ಯಾವತ್ತು ಬಿಡುತ್ತಾರೆ ವಿಚಾರಿಸಿ ಎಂದಳು. ಪಾವಗಡದ ಹತ್ತಿರ ಕರ್ನಾಟಕ ಅಡ್ಡ ಬರುತ್ತದಲ್ಲ, ಅಲ್ಲಿ ಬಿಡುತ್ತಾರೋ ಇಲ್ಲವೋ ಎಂದೆ. 'ವಿಚಾರ್ಸಿ' ಎಂದಳು.

ಏಪ್ರಿಲ್ 30, ಗುರುವಾರ

ಅವರ ಮನೆಯಲ್ಲಿ ಏಳು ಜನ. ಫೋಟೊ ಇರಲಿಲ್ಲ, ಯೂನಿಟ್‌ನ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದರು. ಅದರಲ್ಲಿ ಅವನು ನಗು ತಡೆದುಕೊಂಡಿದ್ದಾನೆ. ಬಾಳೆಲೆಯ ಮೇಲೆ ಜೋಳದ ರೊಟ್ಟಿ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಒಂದು ಕಟ್ಟು ಬೀಡಿ. ಎಡಗಡೆ ಜಾಗ ಬಿಟ್ಟಿದ್ದರು.

ಬಾಟಲಿ ಚೀಲದಿಂದ ತೆಗೆದೆ. ಅವನ ತಾಯಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಕೇಳುವ ಹಾಗೆ, 'ಮಾಡಿದಾವ ಮೊದಲು ಕುಡೀಬೇಕಂತವ್ವ, ನಮ್ಮ ಅತ್ತಿ ಮನಿ ಪದ್ಧತಿ' ಎಂದೆ. ಯಾರಿಗಾದರೂ ಹೀಗೆ ಹೇಳುತ್ತೇನೆಂದು ಒಂದು ತಿಂಗಳ ಹಿಂದೆ ಯಾರಾದರೂ ಅಂದಿದ್ದರೆ! ಮುದುಕಿ ತಲೆ ಆಡಿಸಿದಳು, ಅದು ಲೋಕದ ರೂಢಿ ಎಂಬಂತೆ.

ಫೋಟೊದ ಎದುರಿಗೆ ಕೂತು ಒಂದು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ಒಗರು, ಕೊನೆಗೆ ಗಂಟಲಲ್ಲಿ ಸಣ್ಣ ಬಿಸಿ. ಕೆಟ್ಟಿಲ್ಲ, ಹೊಗಳುವಂಥದ್ದೂ ಅಲ್ಲ. ಲೋಟ ತುಂಬಿ ಎಡೆಗೆ ಇಟ್ಟೆ. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಎಲ್ಲರೂ ಹೊರಗೆ ಬಂದು, ಅವನು ಉಣ್ಣಲೆಂದು ಬಾಗಿಲು ಮುಂದಕ್ಕೆ ಎಳೆದು, ಬಿಸಿಲಿನಲ್ಲಿ ನಿಂತೆವು. ಉಳಿದ ಬಾಟಲಿಗಳನ್ನು ಏನು ಮಾಡಬೇಕೆಂದು ಪ್ರಸನ್ನಳನ್ನು ಕೇಳಬೇಕು.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಐದನೇ ದಿನ ಅದು ಹೀಗಿರಲಿಲ್ಲ. ತಿರುವುವಾಗ ಬೆರಳಿಗೆ ಹತ್ತಿದ್ದನ್ನು ನೆಕ್ಕಿದ್ದೆ: ಅರ್ಧ ಬೆಲ್ಲದ ನೀರು, ಅರ್ಧ ನೊರೆ. ಅದನ್ನೇ ಒಂದು ಚೊಂಬು ಕೊಟ್ಟಿದ್ದರೆ ನೀನು ನನ್ನನ್ನೂ ನನ್ನ ಹೆಂಡತಿಯನ್ನೂ ಬೈದುಕೊಳ್ಳುತ್ತ ಕುಡಿದು, ಹೊಟ್ಟೆ ಉಬ್ಬರಿಸಿಕೊಂಡು ಮಲಗಿ, ಬೆಳಗ್ಗೆ ಎದ್ದು ಜಗಳಕ್ಕೆ ಬರುತ್ತಿದ್ದೆ, ಅಲ್ಲವೇನೋ ಸುಂಕಪ್ಪ?